ಎಡಗೈಗೆ ಕೆಲಸ ಕೊಟ್ಟ ಆರು ವಾರ

ಒಂದು ಮಾತು ಕೇಳ್ತೀನಿ, ನಾಚ್ಕೊಳ್ದೆ ಹೇಳಿ ನೋಡೋಣ. ಇವತ್ತು ಬೆಳಗ್ಗೆ ಎದ್ದಾಗಿಂದ ನಿಮ್ಮ ಎಡಗೈ ಏನೇನು ಕೆಲಸ ಮಾಡ್ತು? ಅದೊಂದು ಕೆಲಸ ಬುಟ್ಟು ಹೇಳಿ. ಅದು ಎಲ್ರಿಗೂ ಗೊತ್ತಿರೋದೆ.

ಯೋಚ್ನೆ ಮಾಡ್ತಿದೀರ ಅಲ್ವಾ? ನನ್ನ ಕಥೇನೂ ಅಷ್ಟೇ. ಅರವತ್ತೆಂಟು ವರ್ಷ ಈ ಕೈನ ಮೈಗೆ ತಗಲಾಕ್ಕೊಂಡು ಓಡಾಡಿದೀನಿ, ಅದಕ್ಕೆ ಏನು ಬರ್ತದೆ ಏನು ಬರಲ್ಲ ಅಂತ ಒಂದು ದಿನಾನೂ ವಿಚಾರಿಸಿದೋಳಲ್ಲ. ನಮ್ಮವ್ವ ನಂಗೆ ಕಲ್ಸಿದ್ದು, ನಾನು ನನ್ನ ಮಗಳಿಗೆ ಕಲ್ಸಿದ್ದು ಒಂದೇ ಪಾಠ. ಎಡಗೈಲಿ ಕೊಡ್ಬೇಡ, ಎಡಗೈಲಿ ಇಸ್ಕೋಬೇಡ, ಎಡಗೈಲಿ ಉಣ್ಬೇಡ. ಮಗಳು ಚಿಕ್ಕೋಳಾಗಿದ್ದಾಗ ಮರೆತು ಎಡಗೈ ಚಾಚಿದ್ರೆ ಸೌಟಿನ ಹಿಡೀಲಿ ಮೆತ್ತಗೆ ಒಂದು ಬೀಳೋದು. ಮೂವತ್ತು ವರ್ಷ ಗಂಧದಕಡ್ಡಿ ಹೊಸೆದು ಸಂಸಾರ ನಡೆಸ್ದೆ. ಅಲ್ಲೂ ಹೊಸೆಯೋದೆಲ್ಲ ಬಲಗೈ, ಎಡಗೈದು ಬರೀ ಕಡ್ಡಿ ಎತ್ತಿಕೊಡೋ ಚಾಕರಿ.

ಇಂಥ ಮನೇಲಿ ನನ್ನ ಮೊಮ್ಮಗಳು ಹುಟ್ಟಿದ್ಲು. ನಾವಿರೋದು ಕುಂಬಾರಕೊಪ್ಪಲಲ್ಲಿ. ಮಗಳು, ಅಳಿಯ, ನಾನು, ಇವಳು, ನಾಲ್ಕೇ ಜನ. ಮಗಳು ಜಯಲಕ್ಷ್ಮಿಪುರಂನ ಒಂದು ಅಂಗಡೀಲಿ ಬ್ಲೌಸ್ ಹೊಲೀತಾಳೆ, ಅಳಿಯ ಸಿಟಿ ಬಸ್ಸಿನ ಕಂಡಕ್ಟರು. ಹಾಗಾಗಿ ಹಗಲೆಲ್ಲ ಕೂಸು ನನ್ನ ಪಾಲಿಗೆ. ಐದಾರು ತಿಂಗಳಿಗೇ ಗಿಲಕಿ ತೋರ್ಸಿದ್ರೆ ಬಲಗೈ ಮಾತ್ರ ಚಾಚೋಳು. ಎಡಗಡೆಯಿಂದ ಹಿಡಿದ್ರೂ ಮೈಯೆಲ್ಲ ತಿರುಗ್ಸಿ ಬಲಗೈಲೇ ಇಸ್ಕೊಳ್ಳೋಳು. ನಾನು ಬೀದೀಗೆಲ್ಲ ಹೇಳ್ಕೊಂಡು ಬಂದೆ, ನೋಡ್ರವ್ವ, ಹೇಳ್ಕೊಡದೇನೇ ಬಂದಿರೋ ನಡತೆ ಇದು ಅಂತ. ಸಂಜೆ ಜಗಲಿ ಮೇಲೆ ಕೂತು, ಬೇಕೂಂತ ಎಡಗಡೆಯಿಂದ ಬಿಸ್ಕತ್ತು ಹಿಡ್ದು, ಅಕ್ಕಪಕ್ಕದೋರಿಗೆ ಪ್ರದರ್ಶನ ಬೇರೆ. ಎಡಗೈ ಪಾಪ ಮುಷ್ಟಿ ಕಟ್ಕೊಂಡು ಮಡಿಲಲ್ಲಿ ಸುಮ್ನಿರೋದು. ಅದಕ್ಕೂ ನನ್ನ ಹತ್ರ ಉತ್ತರ ಇತ್ತು. ಬರೋವಾಗ ದೇವರ ಹತ್ರ ಏನೋ ಗುಟ್ಟು ಇಸ್ಕೊಂಡು ಬಂದವಳೆ, ಯಾರಿಗೂ ತೋರ್ಸಲ್ಲ ಅಂತಿದ್ದೆ.

ಆ ಕೈಗೆ ಚಾಚೋಕೇ ಬರ್ತಿಲ್ಲ ಅನ್ನೋದು ನನ್ನ ತಲೆಗೆ ಹೊಳೀಲೇ ಇಲ್ಲ. ಎಡಗೈಗೂ ಕೆಲಸ ಕೊಡೋ ಮನೇಲಿ ಹುಟ್ಟಿದ್ರೆ ಯಾರಾದ್ರೂ ಕೇಳ್ತಿದ್ರೋ ಏನೋ. ನಮ್ಮನೇಲಿ ಕೆಲಸ ಮಾಡದ ಎಡಗೈ ಅಂದ್ರೆ ಒಳ್ಳೆ ಎಡಗೈ.

ನಡೆಯೋದು ತಡ ಆಯ್ತು. ಎರಡು ವರ್ಷ ತುಂಬೋ ಹೊತ್ತಿಗೆ ನಡೆದ್ಲು, ಎಡಗಾಲು ಮಾತ್ರ ಬೆರಳ ಮೇಲೆ ಊರೋಳು. ಎಡಗಾಲಿನ ಚಪ್ಪಲಿ ಮುಂದುಗಡೆ ಸವೆದು ಹೋಗೋದು, ಬಲಗಾಲಿಂದು ಹೊಸದರ ಹಾಗೇ ಇರೋದು. ಚಪ್ಪಲಿ ಅಂಗಡಿಯೋನನ್ನ ಬೈಕೊಂಡ್ವಿ. ಅವನದೇನು ತಪ್ಪು.

ಮೂರು ವರ್ಷ ತುಂಬಿದ್ಮೇಲೆ ಒಂದು ಭಾನುವಾರ ಬೆಳಗ್ಗೆ, ಇಡ್ಲಿ ತಿನ್ತಾ ತಿನ್ತಾ ಸುಮ್ನಾಗ್ಬುಟ್ಲು. ಕಣ್ಣು ಒಂದು ಕಡೆ ಹೋಯ್ತು. ಬಾಯಿಯ ಎಡ ತುದಿ ಅದುರ್ತು, ಆಮೇಲೆ ಎಡಗೈ. ಕರೆದ್ರೆ ಕೇಳಿಸ್ತಿಲ್ಲ. ನಾನು ಓಡ್ಹೋಗಿ ಬೀಗದ ಕೈ ಗೊಂಚಲು ತಂದು ಕೈಗೆ ತುರುಕ್ದೆ, ಮಗಳು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದ್ಲು, ಅಳಿಯ ಲುಂಗೀಲೇ ಹೋಗಿ ಆಟೋ ತಂದ. ಆಟೋ ಹತ್ತೋ ಹೊತ್ತಿಗೆ ಕೂಸು ಕಣ್ಣುಬಿಟ್ಟು, ನನ್ನ ಇಡ್ಲಿ ಎಲ್ಲಿ ಅಂತ ಕೇಳ್ತು. ಬೀಗದ ಕೈಯಿಂದಾನೇ ವಾಸಿ ಆಯ್ತು ಅಂತ ನಾನು ಆಸ್ಪತ್ರೆ ಬಾಗಿಲವರೆಗೂ ಜಂಬ ಪಟ್ಕೊಂಡೆ.

ಸ್ಕ್ಯಾನ್ ಆಯ್ತು. ಮಿದುಳಿನ ಡಾಕ್ಟರು ತಲೆ ನರೆತ, ಮೆಲ್ಲಗೆ ಮಾತಾಡೋ ಮನುಷ್ಯ. ಚೀಟಿ ಹಿಂದುಗಡೆ ಒಂದು ದುಂಡನೆ ಗೆರೆ ಎಳೆದು, ಬಲಗಡೆ ಅಂಚಿನಿಂದ ಒಳಕ್ಕೆ ಒಂದು ಬಿರುಕು ಬರೆದ್ರು. ಅಂಚು ಸೀಳಿದ ಅಕ್ಕಿರೊಟ್ಟಿ ಹಂಗಿತ್ತು. ತಾಯಿ ಹೊಟ್ಟೇಲಿ ಮಿದುಳು ತಯಾರಾಗೋವಾಗಲೇ ಹೀಗೆ ಸೀಳು ಉಳ್ಕೊಂಡಿದೆ, ಬಹಳ ಅಪರೂಪ, ಸ್ಕಿಜೆನ್ಸೆಫಲಿ ಅಂತಾರೆ ಅಂದ್ರು. ಆ ಹೆಸರನ್ನ ಈ ಫೋನಲ್ಲಿ ಹಾಕೋದಕ್ಕೆ ನಂಗೆ ಅರ್ಧ ಗಂಟೆ ಹಿಡೀತು, ಅದಕ್ಕೇ ಇನ್ಮೇಲೆ ಸೀಳು ಅಂತಾನೇ ಬರೀತೀನಿ. ಬಲಗಡೆ ಮಿದುಳು ಎಡಗಡೆ ಮೈಗೆ ಯಜಮಾನ. ಅಲ್ಲೇ ಸೀಳಿರೋದ್ರಿಂದ ಎಡಗೈ, ಎಡಗಾಲು ಬಿಗಿ. ಫಿಟ್ಸ್ ಬರೋದೂ ಅಲ್ಲಿಂದಾನೇ.

ನಾನು ಸುಮ್ನಿರಬೇಕಿತ್ತು. ಇರ್ಲಿಲ್ಲ. ಮಗು ಬುದ್ಧಿವಂತೆ ಸಾರ್, ಆರು ತಿಂಗಳಿಗೇ ಬಲಗೈಲೇ ಇಸ್ಕೊಳ್ಳೋಳು, ಎಡಗೈ ಮುಂದೆ ಮಾಡ್ತಾನೇ ಇರ್ಲಿಲ್ಲ ಅಂತ ಅವರ ಮುಂದೇನೂ ಕೊಚ್ಕೊಂಡೆ. ಅವರು ಪೆನ್ನು ಕೆಳಗಿಟ್ರು.

"ಅಮ್ಮಾ, ವರ್ಷದೊಳಗಿನ ಮಗು ಎರಡು ಕೈನೂ ಚಾಚಬೇಕು. ಒಂದೇ ಕೈ ಚಾಚ್ತಿದೆ ಅಂದ್ರೆ, ಇನ್ನೊಂದು ಕೈ ನಮ್ಮನ್ನ ಕೂಗ್ತಿದೆ ಅಂತ ಅರ್ಥ."

ನನ್ನ ಜಂಬ ಅಲ್ಲೇ ಇಳೀತು ಕಣ್ರೀ. ಅವರು ನನ್ನ ಮುಖ ನೋಡಿ, ಮೊದಲೇ ಗೊತ್ತಾಗಿದ್ರೆ ವ್ಯಾಯಾಮ ಬೇಗ ಶುರು ಮಾಡಬಹುದಿತ್ತು, ಆದ್ರೂ ಈಗಲೂ ತಡ ಆಗಿಲ್ಲ ಅಂದ್ರು. ನನ್ನ ಮಗಳಿಗೆ ಬೇರೆ ಚಿಂತೆ. ಹೊಟ್ಟೇಲಿದ್ದಾಗ ಗ್ರಹಣದ ದಿನ ಮರೆತು ಹುರುಳಿಕಾಯಿ ಹೆಚ್ಚಿದ್ದೆ, ಅದಕ್ಕೇನಾ ಸೀಳಿದ್ದು ಅಂತ ಕೇಳಿದ್ಲು. ಮೂರು ವರ್ಷದಿಂದ ಇದನ್ನ ಯಾರಿಗೂ ಹೇಳದೆ ಒಳಗೇ ಇಟ್ಕೊಂಡಿದ್ಲು ಅಂತ ನಂಗೆ ಆವಾಗ್ಲೇ ಗೊತ್ತಾಗಿದ್ದು. ಚಂದ್ರನಿಗೂ ಹುರುಳಿಕಾಯಿಗೂ ಇದಕ್ಕೂ ಸಂಬಂಧ ಇಲ್ಲ, ನೀವು ಮಾಡಿದ್ದು ಯಾವುದರಿಂದಲೂ ಆಗಿದ್ದಲ್ಲ ಅಂತ ಡಾಕ್ಟರು ಎರಡು ಸಲ ಹೇಳಿದ್ರು. ಎರಡನೇ ಸಲಕ್ಕೆ ಅವಳು ಅತ್ಲು. ಅದು ಒಳ್ಳೆ ಅಳು.

ಸೀಳು ಹೊಲಿಯೋಕಾಗುತ್ತಾ ಅಂತ ಅಳಿಯ ಕೇಳಿದ. ಆಗಲ್ವಂತೆ. ಅದನ್ನ ಮುಚ್ಚೋ ಮಾತ್ರೇನೂ ಇಲ್ವಂತೆ. ಸೀಳು ಇದ್ದ ಹಾಗೇ ಇರ್ತದೆ, ಅದು ಕೊಡೋ ತೊಂದರೆಗಳನ್ನ ಒಂದೊಂದಾಗಿ ನೋಡ್ಕೋಬೇಕು. ಫಿಟ್ಸಿಗೆ ದಿನಾ ಎರಡು ಹೊತ್ತು ಔಷಧಿ, ತಪ್ಪಿಸಂಗಿಲ್ಲ. ಬಿಗಿ ಕೈಕಾಲಿಗೆ ವ್ಯಾಯಾಮ, ಕಾಲಿಗೆ ಪ್ಲಾಸ್ಟಿಕ್ ಪಟ್ಟಿ. ಕೆಲವು ಮಕ್ಕಳಿಗೆ ತಲೇಲಿ ನೀರು ಸೇರ್ತದೆ, ಅವಕ್ಕೆ ಒಂದು ಸಣ್ಣ ಕೊಳವೆ ಹಾಕ್ತಾರೆ, ಇವಳಿಗೆ ಅದು ಬೇಡ. ಯಾವ ಔಷಧಿಗೂ ಫಿಟ್ಸ್ ಬಗ್ಗದಿದ್ರೆ ಆಪರೇಷನ್ ಮಾಡಬಹುದಾ ಅಂತ ಯೋಚಿಸ್ತಾರೆ, ಅದೂ ಸದ್ಯಕ್ಕೆ ಬೇಡ. ಫಿಟ್ಸ್ ಬಂದ್ರೆ ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ಹಾಕ್ಬೇಡಿ, ಗಡಿಯಾರ ನೋಡ್ಕೊಳ್ಳಿ, ಐದು ನಿಮಿಷ ದಾಟಿದ್ರೆ ಮೂಗಿಗೆ ಹೊಡೆಯೋ ಔಷಧಿ ಕೊಟ್ಟು ಇಲ್ಲಿಗೆ ಓಡಿ ಬನ್ನಿ ಅಂತ ಹೇಳಿಕೊಟ್ರು. ಬೀಗದ ಕೈ ಅಂತ ನಾನು ಬಾಯಿ ತೆಗೆದೆ. ಅದನ್ನ ಬೀಗಕ್ಕೇ ಹಾಕಿ ಅಮ್ಮ ಅಂದ್ರು.

ಔಷಧಿ ಹೊಂದಿಕೊಳ್ಳೋಕೆ ನಾಲ್ಕೈದು ತಿಂಗಳು ಆಯ್ತು. ಮೊದಲು ಕೊಟ್ಟಿದ್ದರಲ್ಲಿ ಹಗಲೆಲ್ಲ ತೂಕಡಿಸೋಳು, ಬದಲಾಯಿಸಿದ್ಮೇಲೆ ಹಗಲೆಲ್ಲ ವಾದ ಮಾಡೋಳು. ಎರಡನೇದು ಇರ್ಲಿ ಅಂತ ತೀರ್ಮಾನ ಆಯ್ತು. ಫಿಟ್ಸ್ ಅಪರೂಪ ಆಯ್ತು. ಮಾತಂತೂ ಕೇಳ್ಬೇಡಿ, ಬಾಯಿಗೆ ಸಂಬಂಧಪಟ್ಟ ಮಿದುಳು ಚೆನ್ನಾಗೇ ಇದೆ ಅಂತ ಡಾಕ್ಟರೇ ನಕ್ಕಿದ್ರು. ಯಾರ ಮೊಮ್ಮಗಳು.

ಹಿಂಗೇ ಎರಡು ವರ್ಷ ಕಳೀತು. ಹೋದ ವರ್ಷ ಕಾರ್ತಿಕದ ಹೊತ್ತಿಗೆ, ಅವಳಿಗೆ ಐದೂವರೆ, ಯುಕೆಜಿ. ಮೈ ಬೆಳೆದ ಹಾಗೆ ಎಡಗೈ ಬಿಗಿ ಜಾಸ್ತಿ ಆಗಿತ್ತು. ಹೆಬ್ಬೆಟ್ಟು ಮುಷ್ಟಿ ಒಳಗೆ ಹೋಗಿ ಕೂತಿತ್ತು, ಉಗುರು ಕತ್ತರಿಸೋಕೂ ಒದ್ದಾಟ. ಡಾಕ್ಟರು ನೋಡಿ, ಬಿಗಿದಿರೋ ಮಾಂಸಖಂಡ ಸಡಿಲ ಮಾಡೋ ಇಂಜೆಕ್ಷನ್ ಇದೆ, ತೋಳಲ್ಲಿ ಎರಡು ಮೂರು ಕಡೆ ಕೊಡ್ತೀವಿ, ಮೂರು ನಾಲ್ಕು ತಿಂಗಳು ಕೆಲಸ ಮಾಡ್ತದೆ, ಆ ಹೊತ್ತಲ್ಲಿ ವ್ಯಾಯಾಮ ಮಾಡಿಸ್ಬೇಕು ಅಂದ್ರು.

ಇಂಜೆಕ್ಷನ್ ಅನ್ನೋ ಮಾತು ಕೇಳಿದ್ದೇ ತಡ, ಅವಳು ಮೇಜಿನ ಕೆಳಗೆ ಹೋಗಿ ನನ್ನ ಸೀರೆ ನೆರಿಗೆ ಒಳಗೆ ಸೇರ್ಕೊಂಡ್ಲು. ಸ್ಕ್ಯಾನು, ರಕ್ತ ಪರೀಕ್ಷೆ ಅಂತ ಚಿಕ್ಕ ವಯಸ್ಸಿಗೇ ಚುಚ್ಚಿಸ್ಕೊಂಡು ಚುಚ್ಚಿಸ್ಕೊಂಡು, ಸೂಜಿ ಅಂದ್ರೆ ಅವಳಿಗೆ ಯಮ. ಕೆಟ್ಟ ಔಷಧಿ ಕುಡೀತಾಳೆ, ಕಾಲಿಗೆ ಪಟ್ಟಿ ಕಟ್ಕೋತಾಳೆ, ಸೂಜಿಗೆ ಮಾತ್ರ ಮೈಯೆಲ್ಲ ಬೆವರ್ತಾಳೆ. ಮಗಳು ಬೇರೆ ದಾರಿ ಇಲ್ವಾ ಅಂದ್ಲು. ಇದೆ, ಕಷ್ಟದ್ದು ಅಂದ್ರು. ಚೆನ್ನಾಗಿರೋ ಬಲಗೈನ ದಿನಾ ಎರಡು ಗಂಟೆ ಬಟ್ಟೆ ಚೀಲದಲ್ಲಿ ಕಟ್ಟಿಡಬೇಕು. ಆಗ ಎಡಗೈಗೆ ಬೇರೆ ಗತಿ ಇರಲ್ಲ, ಮಾಡಲೇಬೇಕು. ಆರು ವಾರ ಮಾಡಿ ಬನ್ನಿ. ಹೆಬ್ಬೆಟ್ಟು ಆಚೆ ಬಂದು, ತೋರುಬೆರಳ ಜೊತೆ ಸೇರಿ ಗಟ್ಟಿಯಾಗಿ ಹಿಡಿದ್ರೆ ಸೂಜಿ ಸದ್ಯಕ್ಕೆ ಬೇಡ. ಬರದಿದ್ರೆ ಕೊಡಲೇಬೇಕು, ಆಮೇಲೆ ಮುಂದಕ್ಕೆ ಹಾಕಂಗಿಲ್ಲ, ಕೈ ಹಂಗೇ ಕುಗ್ಗಿ ಕೂತ್ಬುಡ್ತದೆ ಅಂದ್ರು.

ಮೇಜಿನ ಕೆಳಗಿಂದ, ಆರು ವಾರ ಅಂದ್ರೆ ಎಷ್ಟು ದಿನ ಅಂತ ದನಿ ಬಂತು.

ಹಗಲೆಲ್ಲ ಮನೇಲಿರೋಳು ನಾನು, ಕೆಲಸ ನನ್ನ ತಲೆ ಮೇಲೆ ಬಂತು. ಜಯಲಕ್ಷ್ಮಿಪುರಂನಲ್ಲಿ ಮಹಡಿ ಮೇಲೆ ಒಂದು ಥೆರಪಿ ಸೆಂಟರು, ಅಲ್ಲಿಯ ಮೇಡಂ ಚಿಕ್ಕ ಹುಡುಗಿ, ನನ್ನ ಮಗಳಿಗಿಂತ ಚಿಕ್ಕೋಳು. ವಾರಕ್ಕೆ ಎರಡು ಸಲ ಅಲ್ಲಿ, ಮಿಕ್ಕ ದಿನ ಮನೇಲಿ, ಸ್ಕೂಲಿಂದ ಬಂದ್ಮೇಲೆ ಮೂರರಿಂದ ಐದು. ಆ ಹೊತ್ತಲ್ಲಿ ಎಲ್ಲಾ ಎಡಗೈಲೇ ಮಾಡಿಸಿ ಅಜ್ಜಿ, ತಿನ್ನೋದು, ಕೊಡೋದು, ಇಸ್ಕೊಳ್ಳೋದು, ಎಲ್ಲಾ ಅಂದ್ರು. ಇಷ್ಟು ವರ್ಷ ಸೌಟು ಹಿಡ್ದು ಕಾದೋಳಿಗೆ ಬಂದ ಗತಿ ನೋಡಿ. ನಮ್ಮವ್ವ ಮೇಲಿಂದ ಕೇಳಿಸ್ಕೊಂಡಿದ್ರೆ ಇಳಿದು ಬಂದು ನಂಗೇ ಎರಡು ಕೊಡೋಳು.

ಮಗಳು ಬ್ಲೌಸ್ ಪೀಸಲ್ಲಿ ಬಲಗೈಗೆ ಚೀಲ ಹೊಲಿದ್ಲು, ಜರಿ ಅಂಚು ಇಟ್ಟು. ಮೊದಲನೇ ದಿನ ಕಟ್ಟಿದ್ದಕ್ಕೆ ಮೊಮ್ಮಗಳು ಬಾಗಿಲ ಹಿಂದೆ ನಿಂತು ಅರ್ಧ ಗಂಟೆ ಕಿರುಚಿದ್ಲು. ಆಮೇಲೆ ಆಚೆ ಬಂದು ಒಂದು ಷರತ್ತು ಹಾಕಿದ್ಲು, ನೀನೂ ಕಟ್ಕೊಂಡ್ರೆ ಮಾತ್ರ ನಾನು ಕಟ್ಕೋತೀನಿ ಅಂತ. ಅದಕ್ಕೇನಂತೆ ಅಂದು ನಾನೂ ಬಲಗೈಗೆ ಟವೆಲ್ ಸುತ್ತಿಸ್ಕೊಂಡೆ. ಅದಕ್ಕೇನಂತೆ ಅಂದಿದ್ದು ಸುಲಭ. ಆಮೇಲೆ ದೋಸೆ ಬಂತು.

ಎಡಗೈಲಿ ದೋಸೆ ಮುರಿದು ನೋಡಿದೀರ? ಒಂದು ಕೈಲಿ ಹಿಡ್ಕೊಳ್ಳೋಕೆ ಹೋದ್ರೆ ತಟ್ಟೆ ಜಾರ್ತದೆ, ತಟ್ಟೆ ತಡೀತೀನಿ ಅಂದ್ರೆ ದೋಸೆ ಓಡ್ತದೆ. ಚಟ್ನಿ ಮೂಗಿಗೆ ತಗಲ್ತು. ಕೈಯಂತೂ ಸರಿ, ಬಾಯೇ ತೆರೀತಿಲ್ಲ ಕಣ್ರೀ. ಎಡಗೈ ಹತ್ರ ಬಂದ್ರೆ ಬಾಯಿ ತಾನಾಗೇ ಮುಚ್ಕೊಳ್ತಿತ್ತು. ಅಷ್ಟು ವರ್ಷದ ಪಾಠ. ಅವಳು ನನ್ನ ಪಾಡು ನೋಡಿ ನಕ್ಕು ನಕ್ಕು ಬಿದ್ದು, ತನ್ನ ಕಿರುಚಾಟ ಮರೆತು, ಮುಷ್ಟಿ ಕೈಲೇ ದೋಸೆ ಬಡಿದು ಒಂದು ಚೂರು ಬಾಯಿಗೆ ಹಾಕ್ಕೊಂಡ್ಲು. ಆ ದಿನ ಅವಳು ತಿಂದಿದ್ದು ನನಗಿಂತ ಜಾಸ್ತಿ.

ಈ ಫೋನಲ್ಲಿ ಟೈಪ್ ಮಾಡೋಕೆ ಕಲಿತಿದ್ದೂ ಆ ಎರಡು ಗಂಟೆಗಳಲ್ಲೇ. ಬಲಗೈ ಕಟ್ಕೊಂಡು ಕೂತು ಬೇಜಾರಾಗಿ, ಎಡಗೈ ಹೆಬ್ಬೆಟ್ಟಲ್ಲಿ ಒಂದೊಂದೇ ಅಕ್ಷರ ಒತ್ತಿದೆ. ನಮ್ಮ ಕಾಲದಲ್ಲಿ ಹೆಬ್ಬೆಟ್ಟು ಒತ್ತೋರು ಓದು ಬರದೋರು. ಈಗ ಓದು ಬರೋರೆಲ್ಲ ಹೆಬ್ಬೆಟ್ಟೇ.

ಥೆರಪಿ ಮೇಡಂ ಕೊಟ್ಟ ಪ್ಲಾಸ್ಟಿಕ್ ಕ್ಲಿಪ್ಪು, ಬಣ್ಣದ ಜೇಡಿಮಣ್ಣು ಮೂರು ದಿನಕ್ಕೆ ಅವಳಿಗೆ ಸಾಕಾಯ್ತು. ಕ್ಲಿಪ್ ಹಾಕಿದ್ರೆ ಏನು ಸಿಗ್ತದೆ, ಏನೂ ಇಲ್ಲ. ಅಷ್ಟರಲ್ಲಿ ಮಾರ್ಕೆಟ್ಟಿಗೆ ಸೊಗಡಿನ ಅವರೆಕಾಯಿ ಬಂತು. ಮೈಸೂರಲ್ಲಿ ಚಳಿ ಶುರು ಆಯ್ತು ಅಂದ್ರೆ ಯಾರ ಮನೆಗೆ ಹೋದ್ರೂ ಹೆಂಗಸರು ಮೊರದ ಸುತ್ತ ಕೂತಿರ್ತಾರಲ್ಲ, ನಾವೂ ಕೂತ್ವಿ. ಸುಲಿದ ಕಾಳನ್ನ ನೀರಲ್ಲಿ ನೆನೆಹಾಕಿ, ಹೆಬ್ಬೆಟ್ಟು ತೋರುಬೆರಳ ಮಧ್ಯೆ ಇಟ್ಟು ಹಿದುಕಿದ್ರೆ ಸಿಪ್ಪೆ ಕೈಲಿ, ಬೇಳೆ ಬಟ್ಟಲಲ್ಲಿ. ಹಿದುಕಿದಬೇಳೆ ಸಾರಿಗೆ ಇದಿಲ್ದೆ ಆಗಲ್ಲ. ನಾನು ಎಡಗೈಲಿ ಹಿದುಕೋಕೆ ಒದ್ದಾಡ್ತಿದ್ದಾಗ ತಟ್ಟಂತ ಹೊಳೀತು. ಡಾಕ್ಟರು ಕೇಳಿದ್ದು ಇದೇ ಎರಡು ಬೆರಳು, ಇದೇ ಹಿಡಿತ ಅಲ್ವಾ.

ಮಾರನೇ ದಿನ ಒಂದು ಡಬ್ಬಿ ನೆಂದ ಅವರೆಕಾಳು ತಗೊಂಡು ಥೆರಪಿ ಮೇಡಂ ಹತ್ರ ಹೋದೆ. ಅವರು ತಾವೇ ಒಂದು ಹಿದುಕಿ ನೋಡಿ, ಅಜ್ಜಿ ಇದನ್ನೇ ಮಾಡಿಸಿ, ನನ್ನ ಕ್ಲಿಪ್ಪೆಲ್ಲ ಇದರ ಮುಂದೆ ಏನೂ ಇಲ್ಲ ಅಂದ್ರು. ಮಣಿಕಟ್ಟಿಗೆ ಹೇಗೆ ಆಸರೆ ಕೊಡಬೇಕು, ಹೆಬ್ಬೆಟ್ಟು ಎಳೀದೆ ತಾನಾಗಿ ಬರೋ ಹಂಗೆ ಕೈ ಹೇಗೆ ಇಡಬೇಕು ಅಂತ ತೋರ್ಸಿದ್ರು.

ಮೊದಲ ವಾರ ಒಂದು ಕಾಳೂ ಹಿದುಕಲಿಲ್ಲ. ಮುಷ್ಟೀಲಿ ಸಿಕ್ಕಿ ನಜ್ಜುಗುಜ್ಜಾಗೋದು. ನಾವು ಆ ನಜ್ಜನ್ನೂ ಸಾರಿಗೆ ಹಾಕಿ ಉಂಡ್ವಿ. ಎರಡನೇ ವಾರದ ಕೊನೇಲಿ, ಮಂಗಳವಾರ, ಹೆಬ್ಬೆಟ್ಟಿನ ತುದಿ ಬಸವನಹುಳದ ತಲೆ ಹಂಗೆ ಮೆಲ್ಲಗೆ ಆಚೆ ಬಂತು. ಕಾಳನ್ನ ಮುಟ್ತು. ಒತ್ತಿತು. ಬೇಳೆ ಪುಳಕ್ಕಂತ ಹಾರಿ ಟಿವಿ ಮೇಲೆ ಹೋಗಿ ಬಿತ್ತು. ಇಬ್ರೂ ಉಸಿರು ಹಿಡ್ಕೊಂಡು ಟಿವಿ ನೋಡ್ತಾ ಕೂತ್ವಿ, ಟಿವಿ ಆನ್ ಆಗಿರ್ಲಿಲ್ಲ. ಸಂಜೆ ಅಳಿಯ ಬಂದೋನಿಗೆ ಆ ಬೇಳೆ ತಟ್ಟೇಲಿಟ್ಟು ತೋರ್ಸಿದ್ವಿ. ಅವನು ಡ್ಯೂಟಿ ಬ್ಯಾಗ್ ಹೆಗಲಿಂದ ಇಳಿಸದೇನೇ ಬಹಳ ಹೊತ್ತು ಅದನ್ನೇ ನೋಡ್ದ.

ಹಿನಕಲ್ಲಿಂದ ನನ್ನ ನಾದಿನಿ ಬಂದಿದ್ದು ಅದೇ ವಾರ. ಅವಳು ಮಡಿ ಮೈಲಿಗೆ ಎಲ್ಲಾದಕ್ಕೂ ನನಗಿಂತ ಒಂದು ಕೈ ಮೇಲು. ಬಾಗಿಲು ತೆಗೆದ್ರೆ ನಾನು ಟವೆಲ್ ಸುತ್ತಿದ ಕೈ, ಮೊಮ್ಮಗಳು ಜರಿ ಚೀಲದ ಕೈ. ಇಬ್ರಿಗೂ ಒಟ್ಟಿಗೆ ಮೂಳೆ ಮುರೀತಾ ಅಂತ ಕೇಳಿದ್ಲು. ಕೂರ್ಸಿ ನೀರು ಕೊಡ್ಬೇಕಲ್ಲ, ಕೊಟ್ಟಿದ್ದು ಎಡಗೈಲಿ. ಅವಳು ಲೋಟ ಮುಟ್ಲಿಲ್ಲ. ಎಡಗೈಲಿ ಕೊಟ್ರೆ ನೆಂಟಸ್ತಿಕೆ ಮುರೀತದೆ ಅಂದ್ಲು. ನಮ್ಮ ನೆಂಟಸ್ತಿಕೆ ಎಷ್ಟು ಎಳೆದ್ರೂ ಹರಿಯೋ ಜಾತೀದಲ್ಲ, ನೀನು ಕುಡಿ ಅಂದೆ. ಮೊಮ್ಮಗಳು ಅಷ್ಟರಲ್ಲಿ ಮುಷ್ಟಿಯಿಂದ ಒಂದು ಅವರೆಕಾಳು ಅವಳ ಕೈಗೆ ಹಾಕಿ, ನೀವೂ ಎಡಗೈಲಿ ಮಾಡಿ ನೋಡೋಣ ಅಂತ ಸವಾಲು ಹಾಕಿದ್ಲು. ಸವಾಲು ಅಂದ್ರೆ ನಾದಿನಿ ಬುಡೋಳಲ್ಲ. ಹಿದುಕಿದ್ಲು, ಬೇಳೆ ಹಾರಿ ಅವಳದೇ ಕನ್ನಡಕಕ್ಕೆ ಬಡೀತು. ಆಮೇಲೆ ಒಂದು ಗಂಟೆ ಮೂರು ಜನಾನೂ ಮೊರದ ಮುಂದೆ, ಮೂರೂ ಎಡಗೈ. ನೀರು ಯಾವಾಗ ಕುಡಿದ್ಲೋ ನಾನು ನೋಡ್ಲಿಲ್ಲ, ಲೋಟ ಖಾಲಿ ಇತ್ತು.

ಎಲ್ಲಾ ಹಿಂಗೇ ನಗುನಗ್ತಾ ಹೋಯ್ತು ಅಂದ್ಕೋಬೇಡಿ. ನಾಲ್ಕನೇ ವಾರ ಅವಳಿಗೆ ಜ್ವರ ಬಂತು, ಜ್ವರದ ಹಿಂದೆ ಫಿಟ್ಸು. ಮಗ್ಗುಲಾಗಿ ಮಲಗಿಸ್ದೆ, ಗಡಿಯಾರ ನೋಡ್ದೆ. ಎರಡು ನಿಮಿಷ. ಆ ಗಡಿಯಾರದ ಮುಳ್ಳಿಗೆ ಅಷ್ಟು ಸೋಮಾರಿತನ ಎಲ್ಲಿಂದ ಬಂತೋ. ಬೀಗದ ಕೈ ಗೊಂಚಲು ಮೊಳೇಲೇ ನೇತಾಡ್ತಿತ್ತು, ಕೈ ಹೋಗ್ತಿತ್ತು, ತಡ್ಕೊಂಡೆ. ಡಾಕ್ಟರಿಗೆ ಫೋನ್ ಮಾಡಿದ್ದಕ್ಕೆ, ಜ್ವರಕ್ಕೆ ಹೀಗಾಗೋದುಂಟು, ಔಷಧಿ ತಪ್ಪಿಸ್ಬೇಡಿ, ನಾಳೆ ಕರ್ಕೊಂಡು ಬನ್ನಿ ಅಂದ್ರು. ಹೋಗಿ ಬಂದ್ವಿ, ಔಷಧಿ ಸ್ವಲ್ಪ ಹೆಚ್ಚು ಮಾಡಿದ್ರು. ಐದು ದಿನ ಚೀಲ ಕಟ್ಲಿಲ್ಲ. ಹೆಬ್ಬೆಟ್ಟು ಮತ್ತೆ ಒಳಗೆ ಹೋಗಿ ಕೂತ್ಕೊಳ್ತು.

ಅದಾದ್ಮೇಲೆ ನಾನು ಒಂದು ಕಳ್ಳತನ ಮಾಡ್ದೆ. ಜ್ವರ ಬಿಟ್ಟ ಮಗು, ಮುಖ ಬಾಡಿತ್ತು, ಚೀಲ ತಂದ್ರೆ ಕಣ್ಣಲ್ಲಿ ನೀರು. ಒಂದು ಗಂಟೆಗೇ ಬಿಚ್ಬುಡ್ತಿದ್ದೆ. ಸಂಜೆ ಮಗಳು ಕೇಳಿದ್ರೆ ಎರಡು ಗಂಟೆ ಆಯ್ತು ಅಂತಿದ್ದೆ. ನಾಲ್ಕು ದಿನ ಹಿಂಗೇ. ಐದನೇ ದಿನ ಮಲಗಿದ್ದೋಳಿಗೆ ಲೆಕ್ಕ ಹೊಳೀತು. ದಿನಾ ನಾನು ಕದ್ದ ಒಂದೊಂದು ಗಂಟೆ ಹೋಗಿ ಕೊನೇಗೆ ಅವಳ ತೋಳಲ್ಲಿ ಸೂಜಿ ಆಗಿ ಚುಚ್ಚೋದು. ಬೀದಿಗೆಲ್ಲ ಜಂಬ ಕೊಚ್ಚಿ ಮೂರು ವರ್ಷ ಕಳೆದಿದ್ದು ನಾನೇ, ಈಗ ಮತ್ತೆ ನಾನೇ. ಬೆಳಗ್ಗೆ ಮಗಳು ಕೆಲಸಕ್ಕೆ ಹೊರಡೋ ಮುಂಚೆ ಹೇಳ್ಬುಟ್ಟೆ. ಅವಳು ಚಪ್ಪಲಿ ಮೆಟ್ಕೊಳ್ತಿದ್ದೋಳು ನಿಂತ್ಲು.

"ಅವ್ವ, ನಿಂಗೆ ಅವಳ ಅಳು ತಡ್ಕೊಳ್ಳೋಕಾಗಲ್ಲ ಅಂತ ನಂಗೆ ಗೊತ್ತಿಲ್ವಾ. ನಂಗೆ ಒಂದು ಗಂಟೇನೂ ಆಗ್ತಿರ್ಲಿಲ್ಲ. ಅದಕ್ಕೇ ನಿನ್ನ ಮೇಲೆ ಹಾಕಿ ನಾನು ಅಂಗಡಿಗೆ ಓಡೋದು."

ಥೆರಪಿ ಮೇಡಂಗೂ ಹೇಳ್ದೆ. ಸುಸ್ತಾಗಿರೋ ಮಗುವಿಗೆ ಕಮ್ಮಿ ಮಾಡಿದ್ದು ತಪ್ಪಲ್ಲ, ಸುಳ್ಳು ಲೆಕ್ಕ ಕೊಟ್ರೆ ಮಾತ್ರ ನಮಗೆ ದಾರಿ ತಪ್ತದೆ ಅಂದು, ಎರಡು ಗಂಟೆನ ನಾಲ್ಕು ಅರ್ಧ ಗಂಟೆ ಮಾಡಿಕೊಟ್ರು. ಮಧ್ಯೆ ಮಧ್ಯೆ ಕುಣಿಯೋಕೆ ಬಿಡುವು. ನನಗೂ ಅದೇ ಬೇಕಿತ್ತು, ನನ್ನ ಬೆನ್ನಿಗೆ.

ಮಿಕ್ಕ ದಿನವೆಲ್ಲ ನಮ್ಮನೇಲಿ ಅವರೆಕಾಳೇ. ಸಾರು, ಉಪ್ಪಿಟ್ಟು, ರೊಟ್ಟಿ, ಮತ್ತೆ ಸಾರು. ಅಳಿಯ ಬಾಯಿಬಿಟ್ಟು ಏನೂ ಹೇಳ್ಲಿಲ್ಲ, ಒಂದು ದಿನ ಮಾತ್ರ ಊಟಕ್ಕೆ ಕೂತು, ಅತ್ತೆ, ಬೀನ್ಸ್ ಹಿದುಕೋಕೆ ಬರಲ್ವಾ ಅಂತ ಕೇಳ್ದ. ಬಟ್ಟಲಲ್ಲಿ ಬೇಳೆ ದಿನಾ ಸ್ವಲ್ಪ ಸ್ವಲ್ಪ ಏರ್ತಿತ್ತು. ಆದ್ರೂ ಕೆಲವು ದಿನ ಹೆಬ್ಬೆಟ್ಟು ಬರ್ತಿತ್ತು, ಕೆಲವು ದಿನ ಮುನಿಸ್ಕೊಂಡು ಒಳಗೇ ಇರ್ತಿತ್ತು. ಡಾಕ್ಟರ ಮುಂದೆ ಯಾವ ದಿನದ ಹೆಬ್ಬೆಟ್ಟು ಬರ್ತದೋ ಯಾರಿಗೆ ಗೊತ್ತು.

ಆರು ವಾರ ತುಂಬಿದ ದಿನ ಮಗಳು ಅರ್ಧ ದಿನ ರಜ ಹಾಕಿದ್ಲು. ಬಸ್ಸಲ್ಲಿ ಮೊಮ್ಮಗಳು ನನ್ನ ಸೆರಗಿನ ತುದೀನ ಬೆರಳಿಗೆ ಸುತ್ತೋದು, ಬಿಚ್ಚೋದು, ಮತ್ತೆ ಸುತ್ತೋದು. ಡಾಕ್ಟರು ಕೈ ಹಿಡ್ದು, ಮಣಿಕಟ್ಟು ಮಡಿಸಿ ಬಿಡಿಸಿ, ಬಿಗಿ ಕಮ್ಮಿ ಆಗಿದೆ ಅಂದ್ರು. ಆಮೇಲೆ ತಮ್ಮ ಕಿರುಬೆರಳು ಮುಂದೆ ಚಾಚಿ, ಎಲ್ಲಿ ಚಿವುಟು ನೋಡೋಣ, ನೋವಾಗೋ ಹಂಗೆ ಚಿವುಟಬೇಕು ಅಂದ್ರು.

ಅವಳು ಚಿವುಟ್ಲಿಲ್ಲ. ಕೈ ಮುಷ್ಟಿ ಆಗಿ ಗಟ್ಟಿಯಾಗ್ಬುಡ್ತು. ಹೆಬ್ಬೆಟ್ಟು ಒಳಗೆ. ಮಗಳು ಬಗ್ಗಿ ಪುಸಲಾಯಿಸಿದ್ಲು. ಥೆರಪಿ ಮೇಡಂ ಕೊಟ್ಟ ಚೀಟೀಲಿ ಹೆಬ್ಬೆಟ್ಟು ಬರ್ತದೆ ಅಂತ ಬರೆದಿದೆ, ಆದ್ರೆ ನಾನು ಕಣ್ಣಾರೆ ನೋಡ್ಬೇಕಲ್ಲ ಅಂದ್ರು ಡಾಕ್ಟರು. ಇನ್ನೊಂದು ಸಲ ಬೆರಳು ಚಾಚಿದ್ರು. ಇಲ್ಲ. ಮೂರನೇ ಸಲಾನೂ ಇಲ್ಲ. ಅವರು ಚೀಟಿ ಹತ್ರಕ್ಕೆ ಎಳ್ಕೊಂಡು ಪೆನ್ನು ತೆಗೆದ್ರು. ಸುಮ್ನಿರೋಕಾಗದೆ, ಹೋಗ್ಲಿ ಬುಡಿ ಸಾರ್, ಆರು ವಾರ ನಾನು ಸುಮ್ನೆ ಹಿದುಕಿದೆ, ಇವಳಿಗೆ ಚಿವುಟೋಕೆ ಬರಲ್ಲ, ಬರೀ ಬಾಯಿ ಅಂತ ಅವಳಿಗೆ ಕೇಳಿಸೋ ಹಂಗೆ ಅಂದೆ.

ತೋಳಲ್ಲಿ ಬೆಂಕಿ ಇಟ್ಟ ಹಂಗಾಯ್ತು ಕಣ್ರೀ. ಎಡಗೈ ಹೆಬ್ಬೆಟ್ಟು, ತೋರುಬೆರಳು, ಮಧ್ಯೆ ನನ್ನ ರವಿಕೆ ತೋಳಿನ ಕೆಳಗಿನ ಜೋಲು ಮಾಂಸ. ಒಂದು ಸುತ್ತು ತಿರುವಿದ್ಲು ಬೇರೆ. ನಾನು ಕೂಗಿದ ಕೂಗಿಗೆ ಆಚೆ ಇದ್ದ ನರ್ಸ್ ಬಾಗಿಲು ತೆಗೆದು ನೋಡಿದ್ರು. ಡಾಕ್ಟರು ಎದ್ದು ಬಂದು, ನನ್ನ ತೋಳಲ್ಲಿ ಎರಡು ಬೆರಳಿನ ಗುರುತು ಕೆಂಪಗೆ ಎದ್ದಿದ್ದನ್ನ ಕನ್ನಡಕ ಸರಿಮಾಡ್ಕೊಂಡು ಪರೀಕ್ಷೆ ಮಾಡಿದ್ರು. ನನಗೆ ಔಷಧಿ ಹಚ್ತಾರೇನೋ ಅಂದ್ಕೊಂಡೆ. ಇನ್ನೊಂದು ಸಲ ಚಿವುಟು ಪುಟ್ಟಿ, ಹೆಬ್ಬೆಟ್ಟು ಸರಿಯಾಗಿ ನೋಡ್ತೀನಿ ಅಂದ್ರು. ಆ ಪುಣ್ಯಾತ್ಗಿತ್ತಿ ಇನ್ನೊಂದು ಸಲಾನೂ ಚಿವುಟಿದ್ಲು.

ಸೂಜಿ ಸದ್ಯಕ್ಕೆ ಬೇಡ ಅಂತ ಬರೆದ್ರು. ಮುಂದೆ ಬೇಕಾಗಬಹುದು, ಬೆಳೆಯೋ ಮಗು, ಆರು ತಿಂಗಳಿಗೊಮ್ಮೆ ನೋಡೋಣ. ಫಿಟ್ಸ್ ಔಷಧಿ ಹಂಗೇ ನಡೀಲಿ, ಕಾಲಿನ ಪಟ್ಟಿ ಒಂದು ಸೈಜ್ ದೊಡ್ಡದು ಮಾಡಿಸಿ, ಕೈ ಕೆಲಸ ನಿಲ್ಲಿಸ್ಬೇಡಿ ಅಂದ್ರು. ಸೀಳು ಅಲ್ಲೇ ಇದೆ. ಅದು ಎಲ್ಲಿಗೂ ಹೋಗಲ್ಲ, ಇವಳೂ ಅದಕ್ಕಾಗಿ ಎಲ್ಲೂ ನಿಲ್ಲಲ್ಲ. ಮಗಳು ಚೀಟಿ ಮಡಿಸಿ ಬ್ಯಾಗಿಗೆ ಹಾಕಿ, ಮತ್ತೆ ತೆಗೆದು ಓದಿ, ಮತ್ತೆ ಮಡಿಸಿದ್ಲು.

ಆಚೆ ಬಂದು ಮೆಟ್ಟಿಲು ಇಳಿಯೋವಾಗ ನಾನು ತೋಳು ಉಜ್ಕೊಂಡು, ಅಷ್ಟು ದೊಡ್ಡ ಡಾಕ್ಟರು ತಾವಾಗೇ ಬೆರಳು ಕೊಟ್ಟು ಚಿವುಟು ಅಂದ್ರೆ ಚಿವುಟದೋಳು, ಕೇಳದೇ ಇರೋ ನನ್ನನ್ನ ಯಾಕೆ ಹಂಗೆ ಚಿವುಟಿದೆ ಅಂತ ಕೇಳ್ದೆ. ಅವಳು ಎಡಗೈಲಿ ಮೆಟ್ಟಿಲ ಕಂಬಿ ಹಿಡ್ಕೊಂಡು, ಒಂದೊಂದೇ ಮೆಟ್ಟಿಲು ಇಳೀತಾ, ನನ್ನ ಕಡೆ ತಿರುಗೀನೂ ನೋಡದೆ ಅಂದ್ಲು:

"ಅವರ ಹತ್ರ ಸೂಜಿ ಇದೆ ಅಜ್ಜಿ. ನಿನ್ನ ಹತ್ರ ಬಾಯಿ ತಾನೇ ಇರೋದು."